ಅಳಿಸಬೇಡಿ, ಮುಚ್ಚಿಟ್ಟು ನೋಡಿ

ಬೋಧನಾಭ್ಯಾಸದ ಪಾಠ ವೀಕ್ಷಣಾ ನಮೂನೆಯಲ್ಲಿ ಕಪ್ಪುಹಲಗೆಯ ಬಳಕೆಗೆ ಒಂದು ಸಾಲಿದೆ, ಬೋಧನೋಪಕರಣಕ್ಕೆ ಒಂದು ಸಾಲಿದೆ, ಧ್ವನಿಯ ಏರಿಳಿತಕ್ಕೂ ಒಂದು ಸಾಲಿದೆ. ಕಂಪ್ಯೂಟರ್ ಪಾಠ ಮಾಡುವ ಪ್ರಶಿಕ್ಷಣಾರ್ಥಿ ಮುಂಚಿತವಾಗಿ ಲ್ಯಾಬಿಗೆ ಹೋಗಿ, ಅಲ್ಲಿನ ಎಡಿಟರನ್ನು ಆ ದಿನದ ಪಾಠಕ್ಕೆ ತಕ್ಕಂತೆ ಹೊಂದಿಸಿಕೊಂಡಿದ್ದಾರೆಯೇ ಎಂದು ಕೇಳುವ ಸಾಲು ಮಾತ್ರ ಇಲ್ಲ. ಅಂಥದೊಂದು ಸಾಲು ಬೇಕು ಎಂಬುದು ನನ್ನ ವಾದ. ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಒಂದೇ ಒಂದು ಹೊಂದಾಣಿಕೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಆ ಹೊಂದಾಣಿಕೆ ಯಾವುದೆಂದರೆ, ಪ್ರೋಗ್ರಾಮಿನ ಕೆಲವು ಸಾಲುಗಳನ್ನು ಒಂದು ಕೀ ಒತ್ತಿ ಕಾಮೆಂಟ್ ಮಾಡುವುದು, ಇನ್ನೊಂದು ಕೀ ಒತ್ತಿ ಮೊದಲಿನಂತೆ ಮಾಡುವುದು.

ವಿಜ್ಞಾನ, ಗಣಿತದ ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರಿಗೆ ಶಾಲೆಗಳಲ್ಲಿ ಕಂಪ್ಯೂಟರ್ ಪಿರಿಯಡ್ ಕೂಡ ವಹಿಸುತ್ತಾರೆ. "ಬಿಎಸ್ಸಿ ಓದ್ತಾ ಇದ್ದೀರಲ್ಲ, ನಿಮಗೆ ಬರುತ್ತೆ ಬಿಡಿ" ಎನ್ನುವುದು ರೂಢಿ. ಹಾಗಾಗಿ ಕಂಪ್ಯೂಟರನ್ನು ಬೋಧನಾ ವಿಷಯವಾಗಿ ತೆಗೆದುಕೊಳ್ಳದವರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಎಲೆಯ ಮೇಲಿನ ಕಪ್ಪು ಕಾಗದ

ದ್ಯುತಿಸಂಶ್ಲೇಷಣೆಗೆ ಬೆಳಕು ಬೇಕು ಎಂದು ತೋರಿಸುವ ಪ್ರಯೋಗ ನಮಗೆಲ್ಲ ಗೊತ್ತು. ಕುಂಡದ ಗಿಡವನ್ನು ಕತ್ತಲೆಯಲ್ಲಿಟ್ಟು ಎಲೆಯಲ್ಲಿನ ಪಿಷ್ಟ ಖಾಲಿಯಾಗುವಂತೆ ಮಾಡುತ್ತೇವೆ. ಒಂದು ಎಲೆಯ ಸ್ವಲ್ಪ ಭಾಗಕ್ಕೆ ಕಪ್ಪು ಕಾಗದದ ಪಟ್ಟಿ ಹಾಕಿ ಬಿಸಿಲಿಗಿಡುತ್ತೇವೆ. ಆಮೇಲೆ ಅಯೋಡಿನ್ ಪರೀಕ್ಷೆ ಮಾಡಿ, ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಇರುವ ವ್ಯತ್ಯಾಸ ನೋಡುತ್ತೇವೆ. ಬೆಳಕಿನ ಪಾತ್ರವನ್ನು ತಿಳಿಯಲು ಯಾರೂ ಎಲೆಯ ಅರ್ಧ ಭಾಗವನ್ನು ಕತ್ತರಿಸಿ ಎಸೆಯುವುದಿಲ್ಲ. ಎಲೆ ಹಾಗೇ ಇರಬೇಕು, ಒಂದೇ ಒಂದು ಅಂಶ ಬದಲಾಗಬೇಕು.

ಪ್ರೋಗ್ರಾಮಿನ ಸಾಲುಗಳನ್ನು ಕಾಮೆಂಟ್ ಮಾಡುವುದೂ ಇದೇ ತರದ ಕೆಲಸ. ಪೈಥಾನಿನಲ್ಲಿ # ಚಿಹ್ನೆಯಿಂದ ಮುಂದೆ ಆ ಸಾಲಿನಲ್ಲಿ ಏನಿದ್ದರೂ ಕಂಪ್ಯೂಟರ್ ಅದನ್ನು ಓದದೆ ಮುಂದೆ ಹೋಗುತ್ತದೆ. ಸಾಲು ಕಡತದಲ್ಲಿ ಉಳಿದಿರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಚಿಹ್ನೆ ತೆಗೆದರೆ ಮತ್ತೆ ಕೆಲಸ ಮಾಡುತ್ತದೆ. ತಪ್ಪು ಫಲಿತಾಂಶ ಕೊಡುತ್ತಿರುವ ಪ್ರೋಗ್ರಾಮಿನಲ್ಲಿ ದೋಷ ಯಾವ ಭಾಗದಲ್ಲಿದೆ ಎಂದು ತಿಳಿಯಲು ಒಂದೊಂದೇ ಭಾಗವನ್ನು ಮುಚ್ಚಿ, ಓಡಿಸಿ, ತೆರೆದು ನೋಡುವುದು ವಿಜ್ಞಾನದ ಕ್ರಮವೇ. ನಿಯಂತ್ರಿತ ಪ್ರಯೋಗ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವುದನ್ನು ಮಕ್ಕಳು ಇಲ್ಲಿ ಅರ್ಧ ನಿಮಿಷದಲ್ಲಿ ಕೈಯಾರೆ ಮಾಡಬಹುದು.

ಮಕ್ಕಳಿಗೆ ಬಿಟ್ಟರೆ ಅವರು ಹೀಗೆ ಮಾಡುವುದಿಲ್ಲ, ಸಾಲುಗಳನ್ನು ಅಳಿಸುತ್ತಾರೆ. ನಾನು ಬೋಧನಾಭ್ಯಾಸ ಮಾಡಿದ ಶಾಲೆಯಲ್ಲಿ ಒಂಬತ್ತನೇ ತರಗತಿಗೆ 38 ಮಕ್ಕಳು, ಲ್ಯಾಬಿನಲ್ಲಿ ನಡೆಯುವ ಸ್ಥಿತಿಯಲ್ಲಿದ್ದ ಯಂತ್ರಗಳು 14. ಪಿರಿಯಡ್ 40 ನಿಮಿಷ. ಮಕ್ಕಳು ಬಂದು ಕೂತು ಯಂತ್ರ ಆನ್ ಆಗುವಷ್ಟರಲ್ಲಿ ಕೈಗೆ ಉಳಿಯುವುದು ಮೂವತ್ತು ನಿಮಿಷ. ಒಬ್ಬ ಹುಡುಗಿಯ ಪ್ರೋಗ್ರಾಂ ತಪ್ಪು ಉತ್ತರ ಕೊಡುತ್ತಿತ್ತು. ಅವಳು ಅನುಮಾನ ಬಂದ ಸಾಲುಗಳನ್ನು ಒಂದೊಂದಾಗಿ ಅಳಿಸುತ್ತಾ ಹೋದಳು, ನಡುವೆ ಕಡತವನ್ನು ಸೇವ್ ಮಾಡಿ ಮುಚ್ಚಿ ಮತ್ತೆ ತೆರೆದಳು. ಕಿಟಕಿ ಮುಚ್ಚಿದ ಮೇಲೆ ಐಡಲ್‌ನಲ್ಲಿ ಅನ್‌ಡೂ ಕೆಲಸ ಮಾಡುವುದಿಲ್ಲ. ಬರೆದದ್ದರಲ್ಲಿ ಅರ್ಧ ಹೋಗಿತ್ತು. "ಮಿಸ್, ನಂಗೆ ಕಂಪ್ಯೂಟರ್ ಬರಲ್ಲ" ಎಂದು ಕೈ ಕಟ್ಟಿ ಕೂತಳು. ಅವಳ ತರ್ಕ ಸರಿಯಾಗಿಯೇ ಇತ್ತು. ಅನುಮಾನದ ಭಾಗವನ್ನು ಪ್ರತ್ಯೇಕಿಸಬೇಕು ಎಂದು ಅವಳಿಗೆ ತಾನಾಗಿಯೇ ಹೊಳೆದಿತ್ತು. ಪ್ರತ್ಯೇಕಿಸಲು ಅವಳ ಕೈಯಲ್ಲಿದ್ದ ಒಂದೇ ಸಾಧನ ಡಿಲೀಟ್ ಕೀ. ಪಣಕ್ಕಿರುವುದು ಇದು. ಕೋಡನ್ನು ಮುಟ್ಟಿ ನೋಡುವ ಧೈರ್ಯ ಒಂಬತ್ತನೇ ತರಗತಿಯಲ್ಲಿ ಹೋದರೆ ಆಮೇಲೆ ಸುಲಭಕ್ಕೆ ಬರುವುದಿಲ್ಲ.

ಕೈಯಲ್ಲಿ # ಹಾಕಿದರೆ ಸಾಲದೇ?

ಸಾಲಿನ ಮುಂದೆ # ಹಾಕಬಹುದು ಎಂದು ಪಠ್ಯಪುಸ್ತಕದಲ್ಲೇ ಇರುತ್ತದೆ, ಕಲಿಸಿಯೂ ಇರುತ್ತೇವೆ. ಆದರೂ ಮಕ್ಕಳು ಬಳಸುವುದಿಲ್ಲ, ಏಕೆಂದರೆ ಅದು ದುಬಾರಿ. ಎಂಟು ಸಾಲಿನ ಒಂದು ಭಾಗವನ್ನು ಕೈಯಿಂದ ಮುಚ್ಚಬೇಕಾದರೆ ಪ್ರತಿ ಸಾಲಿಗೂ ಹೋಮ್ ಕೀ, ಶಿಫ್ಟ್ ಹಿಡಿದು 3, ಕೆಳಬಾಣ ಬೇಕು. ಎಂಟು ಸಾಲಿಗೆ 24 ಒತ್ತುಗಳು. ತೆರೆಯಲು ಮತ್ತೆ ಹೋಮ್, ಡಿಲೀಟ್, ಕೆಳಬಾಣ, ಇನ್ನೊಂದು 24. ಕೀಲಿಮಣೆಯ ಮೇಲೆ ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತುವ ಮಗುವಿಗೆ ಒಂದು ಸಲ ಮುಚ್ಚಿ ತೆರೆಯುವುದೇ ಎರಡು ಮೂರು ನಿಮಿಷದ ಕೆಲಸ. ಮೂವತ್ತು ನಿಮಿಷದಲ್ಲಿ ಇಂಥ ಎಷ್ಟು ಪರೀಕ್ಷೆ ಮಾಡಲು ಸಾಧ್ಯ? ದುಬಾರಿಯಾದ ಪ್ರಯೋಗವನ್ನು ಮಕ್ಕಳು ಮಾಡುವುದಿಲ್ಲ. ಅಳಿಸುವುದು ಸುಲಭ, ಅದನ್ನೇ ಮಾಡುತ್ತಾರೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕಿದೆ. ಪೈಥಾನ್ 3ರಲ್ಲಿ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯಬಹುದು, ಬರೆಯಲು ನಾವು ಪ್ರೋತ್ಸಾಹಿಸಲೂಬೇಕು. ಆದರೆ ಇನ್‌ಸ್ಕ್ರಿಪ್ಟ್ ಕನ್ನಡ ಕೀಲಿಮಣೆ ಆನ್ ಇದ್ದಾಗ ಶಿಫ್ಟ್ ಹಿಡಿದು 3 ಒತ್ತಿದರೆ # ಬರುವುದಿಲ್ಲ, ರಕಾರದ ಒತ್ತು ಬರುತ್ತದೆ. ಪ್ರತಿ ಸಲ ಇಂಗ್ಲಿಷಿಗೆ ಬದಲಿಸಿ, # ಹಾಕಿ, ಮತ್ತೆ ಕನ್ನಡಕ್ಕೆ ಬರಬೇಕು. ಎಡಿಟರಿನ ಮೆನುವಿನಿಂದ ಕಾಮೆಂಟ್ ಮಾಡಿದರೆ ಕೀಲಿಮಣೆ ಯಾವ ಭಾಷೆಯಲ್ಲಿದ್ದರೂ # ಬೀಳುತ್ತದೆ.

ಉದ್ದ ಭಾಗವನ್ನು ಮುಚ್ಚಲು ಮೊದಲೂ ಕೊನೆಗೂ ಮೂರು ಉದ್ಧರಣ ಚಿಹ್ನೆ ಹಾಕುವ ಅಡ್ಡದಾರಿಯನ್ನು ಕೆಲವು ಶಿಕ್ಷಕರು ಹೇಳಿಕೊಡುತ್ತಾರೆ. ಅದು ಕಾಮೆಂಟ್ ಅಲ್ಲ, ಒಂದು ಉದ್ದನೆಯ ಸ್ಟ್ರಿಂಗ್. ಇಫ್ ಅಥವಾ ಲೂಪಿನ ಒಳಗೆ ಅದನ್ನು ಸರಿಯಾದ ಅಂಚಿನಲ್ಲಿ ಹಾಕದಿದ್ದರೆ ಇಂಡೆಂಟೇಶನ್ ದೋಷ ಬರುತ್ತದೆ. ಒಳಗೆ ಆಗಲೇ ಅದೇ ಚಿಹ್ನೆಗಳಿದ್ದರೆ ಸ್ಟ್ರಿಂಗ್ ನಡುವೆಯೇ ಮುಗಿದುಹೋಗುತ್ತದೆ. ಸಿ ಭಾಷೆ ಕಲಿಸುವ ಕಡೆಯೂ ಇಂಥದೇ ತೊಂದರೆಯಿದೆ. ಅಲ್ಲಿ /* ಮತ್ತು */ ನಡುವಿನ ಕಾಮೆಂಟಿನೊಳಗೆ ಇನ್ನೊಂದು ಅಂಥದೇ ಕಾಮೆಂಟ್ ಇದ್ದರೆ, ಒಳಗಿನ */ ಬಂದ ಕೂಡಲೇ ಹೊರಗಿನದೂ ಮುಗಿಯಿತು ಎಂದು ಕಂಪೈಲರ್ ತಿಳಿಯುತ್ತದೆ. ಉಳಿದ ಸಾಲುಗಳು ತೆರೆದೇ ಇರುತ್ತವೆ. ಒಂದು ದೋಷ ಹುಡುಕಲು ಹೊರಟ ಮಗುವಿನ ಎದುರಿಗೆ ಎರಡು ದೋಷ ನಿಲ್ಲುತ್ತವೆ. ಪ್ರತಿ ಸಾಲಿನ ಮುಂದೆ ಚಿಹ್ನೆ ಹಾಕುವ ಕ್ರಮವೇ ಕಲಿಯುವವರಿಗೆ ಸುರಕ್ಷಿತ. ಆ ಚಿಹ್ನೆಗಳನ್ನು ಹಾಕುವ ಕೆಲಸ ಎಡಿಟರಿನದಾಗಲಿ.

ಎಡಿಟರಿನಲ್ಲಿ ಆಗಲೇ ಇರುವುದು

ಇದಕ್ಕಾಗಿ ಹೊಸ ತಂತ್ರಾಂಶ ಬೇಡ, ಇಂಟರ್ನೆಟ್ಟೂ ಬೇಡ. ವಿಂಡೋಸ್‌ನಲ್ಲಿ ಪೈಥಾನ್ ಹಾಕಿದಾಗ ಜೊತೆಗೇ ಬರುವ ಐಡಲ್‌ನ ಫಾರ್ಮ್ಯಾಟ್ ಮೆನುವಿನಲ್ಲಿ ಸಾಲುಗಳನ್ನು ಕಾಮೆಂಟ್ ಮಾಡುವ ಮತ್ತು ಕಾಮೆಂಟ್ ತೆಗೆಯುವ ಎರಡು ಆದೇಶಗಳಿವೆ. ವಿಂಡೋಸ್ ಯಂತ್ರದಲ್ಲಿ ಅವುಗಳ ಕೀಗಳು ಆಲ್ಟ್ 3 ಮತ್ತು ಆಲ್ಟ್ 4. ಲಿನಕ್ಸ್ ಲ್ಯಾಬ್ ಆದರೆ ಮೆನುವಿನಲ್ಲಿ ಆದೇಶದ ಎದುರಿಗೇ ಕೀ ಯಾವುದೆಂದು ಬರೆದಿರುತ್ತದೆ, ನೋಡಿಕೊಳ್ಳಬಹುದು. ಸಾಲುಗಳನ್ನು ಆಯ್ಕೆ ಮಾಡಿ ಒತ್ತಿದರೆ ಅಷ್ಟೂ ಸಾಲು ಮುಚ್ಚುತ್ತವೆ. ಏನನ್ನೂ ಆಯ್ಕೆ ಮಾಡದಿದ್ದರೆ ಕರ್ಸರ್ ಇರುವ ಸಾಲು ಮಾತ್ರ. ಜೀನಿಯಲ್ಲಿ ಕಂಟ್ರೋಲ್ ಇ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಮತ್ತು /, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಂಟ್ರೋಲ್ ಕ್ಯೂ. ಈ ಮೂರರಲ್ಲೂ ಮುಚ್ಚಲು ತೆರೆಯಲು ಒಂದೇ ಕೀ.

ಇದ್ದ ಮೇಲೆ ಹೊಂದಿಸುವುದು ಏಕೆ? ಮಕ್ಕಳು ಆಗಷ್ಟೇ ಶಿಫ್ಟ್ 3 ಒತ್ತಿದರೆ # ಎಂದು ಕಲಿತಿರುತ್ತಾರೆ. ಅವರಿಗೆ ಆಲ್ಟ್ 3 ಅಂದರೆ ಎರಡೂ ಕಲಸಿಹೋಗುತ್ತವೆ. ಒಂದು ಕೈ ಮೌಸಿನ ಮೇಲಿದ್ದಾಗ ಇನ್ನೊಂದೇ ಕೈಯಲ್ಲಿ ಎರಡು ಕೀ ಹಿಡಿಯುವುದೂ ಚಿಕ್ಕ ಕೈಗಳಿಗೆ ಕಷ್ಟ. ಪ್ರೋಗ್ರಾಂ ಓಡಿಸುವ ಕೀ ಎಫ್5 ಎಂದು ಅವರಿಗೆ ಆಗಲೇ ರೂಢಿಯಾಗಿತ್ತು. ಅದಕ್ಕೆ ಹತ್ತಿರವಿರಲಿ ಎಂದು ನಾನು ಮುಚ್ಚಲು ಎಫ್7, ತೆರೆಯಲು ಎಫ್8 ಹಾಕಿದೆ. ಮುಚ್ಚು, ಓಡಿಸು, ತೆರೆ ಎಂದರೆ ಏಳು, ಐದು, ಎಂಟು. ಎರಡನೇ ಪಿರಿಯಡ್ ಹೊತ್ತಿಗೆ ಮಕ್ಕಳು ಇದನ್ನು ಮಗ್ಗಿಯ ಹಾಗೆ ಹೇಳುತ್ತಿದ್ದರು.

ಮಾಡುವ ಕ್ರಮ ಹೀಗೆ. ಐಡಲ್‌ನ ಆಪ್ಶನ್ಸ್ ಮೆನುವಿನಲ್ಲಿ ಕಾನ್ಫಿಗರ್ ಐಡಲ್ ತೆರೆದು ಕೀಸ್ ಎಂಬ ಹಾಳೆಗೆ ಹೋಗಿ. ಪಟ್ಟಿಯಲ್ಲಿ ಕಾಮೆಂಟ್-ರೀಜನ್ ಎಂಬುದನ್ನು ಆರಿಸಿ ಹೊಸ ಕೀ ಕೊಡಿ. ಮೂಲ ಕೀ ಪಟ್ಟಿಯನ್ನು ಅದು ಬದಲಿಸುವುದಿಲ್ಲ, ನಿಮ್ಮ ಪಟ್ಟಿಗೆ ಒಂದು ಹೆಸರು ಕೇಳುತ್ತದೆ. ಬೇರೆ ಕೆಲಸಕ್ಕೆ ಬಳಕೆಯಲ್ಲಿರುವ ಕೀ ಕೊಟ್ಟರೆ ಎಚ್ಚರಿಸುತ್ತದೆ. ಅನ್‌ಕಾಮೆಂಟ್-ರೀಜನ್ ಎಂಬುದಕ್ಕೂ ಹೀಗೇ ಮಾಡಿ. ಅದೇ ಕಾನ್ಫಿಗರ್ ಕಿಟಕಿಯಲ್ಲಿ ಎಫ್5 ಒತ್ತಿದಾಗಲೆಲ್ಲ ಸೇವ್ ಮಾಡಬೇಕೇ ಎಂದು ಕೇಳದಂತೆಯೂ ಹೊಂದಿಸಬಹುದು. ಪ್ರತಿ ಪ್ರಯೋಗಕ್ಕೆ ಒಂದು ಕ್ಲಿಕ್ ಉಳಿಯುತ್ತದೆ.

ಹದಿನಾಲ್ಕು ಯಂತ್ರಗಳಿಗೂ ಇದನ್ನು ಒಂದೊಂದಾಗಿ ಮಾಡಬೇಕಿಲ್ಲ. ಐಡಲ್ ಈ ಹೊಂದಾಣಿಕೆಗಳನ್ನು ಬಳಕೆದಾರರ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಆರಂಭವಾಗುವ ಐಡಲ್‌ಆರ್‌ಸಿ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಕಾನ್ಫಿಗ್-ಮೇನ್, ಕಾನ್ಫಿಗ್-ಕೀಸ್ ಎಂಬ ಎರಡು ಪುಟ್ಟ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಯ್ದು ಉಳಿದ ಯಂತ್ರಗಳ ಅದೇ ಜಾಗಕ್ಕೆ ಹಾಕಿದರೆ ಮುಗಿಯಿತು. ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದೇ ಮಾಡಬೇಕು. ಲ್ಯಾಪ್‌ಟಾಪ್ ಇರುವ ಕಡೆ ಎಫ್ ಕೀಗಳು ಬೆಳಕು, ಧ್ವನಿ ಹೆಚ್ಚು ಕಡಿಮೆ ಮಾಡುವ ಕೆಲಸಕ್ಕೆ ಹೋಗಿರುತ್ತವೆ, ಅದನ್ನೂ ಮೊದಲೇ ನೋಡಿಕೊಳ್ಳಬೇಕು. ಮುಖ್ಯವಾದ ಸಂಗತಿ ಎಂದರೆ, ಎಲ್ಲ ಯಂತ್ರಗಳಲ್ಲೂ ಒಂದೇ ಕೀ ಇರಬೇಕು. ಹಾಗಿದ್ದರೆ ಶಿಕ್ಷಕರು ಒಂದೇ ಸೂಚನೆ ಕೊಟ್ಟು ಇಡೀ ತರಗತಿಯನ್ನು ಒಟ್ಟಿಗೆ ನಡೆಸಬಹುದು.

ಟಿಪ್ಪಣಿ ಬೇರೆ, ಮುಚ್ಚಿದ ಸಾಲು ಬೇರೆ

ಕಾಮೆಂಟ್ ಎಂಬ ಒಂದೇ ಪದ ಎರಡು ಕೆಲಸಗಳಿಗೆ ಬಳಕೆಯಾಗುತ್ತಿದೆ. ಓದುವವರಿಗಾಗಿ ಬರೆದ ವಿವರಣೆಯೂ ಕಾಮೆಂಟ್, ತಾತ್ಕಾಲಿಕವಾಗಿ ನಿಲ್ಲಿಸಿದ ಕೋಡೂ ಕಾಮೆಂಟ್. ಮಕ್ಕಳಿಗೆ ಇದು ಗೊಂದಲ. ತರಗತಿಯಲ್ಲಿ ನಾನು ಮೊದಲನೆಯದಕ್ಕೆ ಟಿಪ್ಪಣಿ ಎಂದೂ ಎರಡನೆಯದಕ್ಕೆ ಮುಚ್ಚಿದ ಸಾಲು ಎಂದೂ ಹೇಳಿದೆ. ಕನ್ನಡ ಇಲ್ಲಿ ಇಂಗ್ಲಿಷಿಗಿಂತ ಸ್ಪಷ್ಟವಾಗಿದೆ ಎಂದೇ ನನ್ನ ಅಭಿಪ್ರಾಯ.

ಈ ವ್ಯತ್ಯಾಸವನ್ನು ಎಡಿಟರೂ ತೋರಿಸಬಲ್ಲದು. ಐಡಲ್ ಸಾಲುಗಳನ್ನು ಮುಚ್ಚುವಾಗ ಒಂದು # ಅಲ್ಲ, ಎರಡು ## ಹಾಕುತ್ತದೆ. ಹಾಗಾಗಿ ಒಂದು # ಇದ್ದರೆ ಟಿಪ್ಪಣಿ, ಎರಡಿದ್ದರೆ ಮುಚ್ಚಿದ ಸಾಲು ಎಂದು ಪರದೆಯ ಮೇಲೆ ನೋಡಿಯೇ ಹೇಳಬಹುದು. ಜೀನಿ ಎಡಿಟರ್ # ಜೊತೆಗೆ ~ ಚಿಹ್ನೆ ಸೇರಿಸುತ್ತದೆ. ಆ ಚಿಹ್ನೆ ಯಾವುದಿರಬೇಕು ಎಂಬುದನ್ನು ಅದರ ಪ್ರಿಫರೆನ್ಸಸ್‌ನಲ್ಲಿ ನಾವೇ ಬದಲಿಸಬಹುದು. ವಿಎಸ್ ಕೋಡ್ ಇಂಥ ವ್ಯತ್ಯಾಸ ಮಾಡುವುದಿಲ್ಲ, ಟಿಪ್ಪಣಿಗೆ ಹಾಕುವ ಚಿಹ್ನೆಯನ್ನೇ ಹಾಕುತ್ತದೆ. ಶಾಲೆಯ ಲ್ಯಾಬಿಗೆ ಐಡಲ್, ಜೀನಿಯಂಥ ಸರಳ ಎಡಿಟರೇ ಒಳ್ಳೆಯದು ಎನ್ನಲು ಇದೂ ಒಂದು ಕಾರಣ.

ಒಂದು ಎಚ್ಚರಿಕೆ ಬೇಕು. ಐಡಲ್‌ನಲ್ಲಿ ತೆರೆಯುವ ಕೀಯನ್ನು ಎರಡು ಸಲ ಒತ್ತಿದರೆ, ಸಾಲಿನ ಮೊದಲ ಸ್ಥಾನದಲ್ಲೇ ಆರಂಭವಾಗುವ ನಿಜವಾದ ಟಿಪ್ಪಣಿಯ # ಕೂಡ ಹೋಗಿಬಿಡುತ್ತದೆ. ಕನ್ನಡದ ವಾಕ್ಯವನ್ನು ಪೈಥಾನ್ ಕೋಡ್ ಎಂದು ತಿಳಿದು ಸಿಂಟ್ಯಾಕ್ಸ್ ದೋಷ ತೋರಿಸುತ್ತದೆ. ಮಕ್ಕಳಿಗೆ ಇದನ್ನು ಬೇಕೆಂದೇ ಮಾಡಿಸಿ ತೋರಿಸುವುದು ಒಳ್ಳೆಯದು. # ಚಿಹ್ನೆ ಏನು ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಇಲ್ಲ.

ತರಗತಿಯಲ್ಲಿ ನಡೆದದ್ದು

ವಿದ್ಯುತ್ ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ಎಲ್ಲರಿಗೂ ಪರಿಚಿತ. ಪಾಠಕ್ಕಾಗಿ ಸರಳ ದರ ಇಟ್ಟುಕೊಂಡೆವು. 30ರವರೆಗೆ ಯೂನಿಟ್‌ಗೆ 3 ರೂಪಾಯಿ, 30 ದಾಟಿದರೆ ಅಷ್ಟಕ್ಕೂ 5 ರೂಪಾಯಿ, 100 ದಾಟಿದರೆ ಅಷ್ಟಕ್ಕೂ 7 ರೂಪಾಯಿ. ಒಂದು ಗುಂಪು ಮೊದಲು ದರ 3 ಎಂದು ಬರೆಯಿತು. ಆಮೇಲೆ ಯೂನಿಟ್ 100ಕ್ಕಿಂತ ಹೆಚ್ಚಿದ್ದರೆ ದರ 7 ಎಂದು ಒಂದು ಇಫ್, ಅದರ ಕೆಳಗೆ 30ಕ್ಕಿಂತ ಹೆಚ್ಚಿದ್ದರೆ ದರ 5 ಎಂದು ಬೇರೆಯೇ ಒಂದು ಇಫ್. 150 ಯೂನಿಟ್ ಕೊಟ್ಟರೆ 1050 ಬರಬೇಕು, 750 ಬಂತು. ಗುಣಾಕಾರದ ಸಾಲಿನಲ್ಲಿ ತಪ್ಪಿದೆ ಎಂದು ಗುಂಪಿನ ಅನುಮಾನ.

ಯಂತ್ರಕ್ಕೆ ಇಬ್ಬರು ಮೂವರು ಇದ್ದುದರಿಂದ ಕೆಲಸ ಹಂಚಿದ್ದೆ. ಒಬ್ಬರು ಯಾವ ಭಾಗ ಮುಚ್ಚಬೇಕೆಂದು ಹೇಳಬೇಕು, ಮುಚ್ಚಿದರೆ ಏನಾಗುತ್ತದೆಂದು ಊಹೆಯನ್ನೂ ಹೇಳಬೇಕು. ಇನ್ನೊಬ್ಬರು ಕೀ ಒತ್ತಬೇಕು. ಮೂರನೆಯವರು ಊಹೆಯನ್ನೂ ಬಂದ ಉತ್ತರವನ್ನೂ ಪುಸ್ತಕದಲ್ಲಿ ಬರೆಯಬೇಕು. ಊಹೆ ಹೇಳದೆ ಎಫ್7 ಒತ್ತುವಂತಿಲ್ಲ. ಗುಂಪು ಎರಡನೇ ಇಫ್ ಭಾಗವನ್ನು ಮುಚ್ಚಿ ಓಡಿಸಿತು. 1050 ಬಂತು. ತೆರೆದು ಓಡಿಸಿದರೆ ಮತ್ತೆ 750. ಮೊದಲ ಇಫ್ ಮುಚ್ಚಿದರೂ 750. "ಮಿಸ್, ಕೆಳಗಿಂದು ಮೇಲಿಂದನ್ನ ಅಳಿಸ್ತಾ ಇದೆ" ಎಂದು ಒಬ್ಬ ಹುಡುಗ ಹೇಳಿದ. 150 ಎಂಬುದು 100ಕ್ಕಿಂತಲೂ ಹೆಚ್ಚು, 30ಕ್ಕಿಂತಲೂ ಹೆಚ್ಚು. ಆದ್ದರಿಂದ ಎರಡೂ ಷರತ್ತು ನಡೆಯುತ್ತವೆ, ಕೊನೆಯದು ಉಳಿಯುತ್ತದೆ. ಎಲಿಫ್ ಏಕೆ ಬೇಕು ಎಂದು ಹಲಗೆಯ ಮೇಲೆ ವಿವರಿಸುವ ಮೊದಲೇ ಅವರಿಗೆ ಅದರ ಅಗತ್ಯ ಕಂಡಿತ್ತು.

ಇನ್ನೊಂದು ಗುಂಪು ಇಫ್ ಸಾಲನ್ನು ತೆರೆದೇ ಬಿಟ್ಟು ಅದರ ಒಳಗಿನ ಸಾಲನ್ನು ಮಾತ್ರ ಮುಚ್ಚಿತು. ಇಂಡೆಂಟೇಶನ್ ದೋಷ ಬಂತು. ಟಿಪ್ಪಣಿಯಾಗಲಿ ಮುಚ್ಚಿದ ಸಾಲಾಗಲಿ ಪೈಥಾನಿನ ಲೆಕ್ಕಕ್ಕೆ ಬರುವುದಿಲ್ಲ, ಇಫ್ ಕೆಳಗೆ ಕೆಲಸ ಮಾಡುವ ಒಂದು ಸಾಲಾದರೂ ಬೇಕು, ಬೇರೆ ಏನೂ ಇಲ್ಲದಿದ್ದರೆ ಪಾಸ್ ಎಂದಾದರೂ ಬರೆಯಬೇಕು. ತದ್ವಿರುದ್ಧವಾಗಿ ಇಫ್ ಸಾಲನ್ನು ಮಾತ್ರ ಮುಚ್ಚಿದರೆ ಒಳಗಿನ ಸಾಲು ಅನಾಥವಾಗಿ ಬೇರೊಂದು ದೋಷ ಬರುತ್ತದೆ. ಬ್ಲಾಕ್ ಎಂದರೇನು ಎಂಬ ವ್ಯಾಖ್ಯೆಯನ್ನು ಬರೆಸುವುದಕ್ಕಿಂತ ಈ ಎರಡು ದೋಷಗಳು ಚೆನ್ನಾಗಿ ಕಲಿಸಿದವು.

ಇದು ಬೋಧನಾಶಾಸ್ತ್ರದಲ್ಲಿ ಹೊಸದಲ್ಲ. ಇಂಗ್ಲೆಂಡಿನ ಸ್ಯೂ ಸೆಂಟನ್ಸ್ ಮತ್ತು ಸಂಗಡಿಗರು ಶಾಲಾ ಪ್ರೋಗ್ರಾಮಿಂಗ್‌ಗಾಗಿ ರೂಪಿಸಿದ ಪ್ರಿಮ್ ವಿಧಾನದಲ್ಲಿ ಐದು ಹಂತಗಳಿವೆ: ಊಹಿಸು, ಓಡಿಸು, ಪರಿಶೋಧಿಸು, ಮಾರ್ಪಡಿಸು, ರಚಿಸು. ಮುಚ್ಚಿ ತೆರೆಯುವ ಕೆಲಸ ಮೊದಲ ಮೂರು ಹಂತಗಳಿಗೆ ಸರಿಯಾಗಿ ಒದಗುತ್ತದೆ. ನಮ್ಮ 5ಇ ಪಾಠಯೋಜನೆಯಲ್ಲಾದರೆ ಅನ್ವೇಷಣೆಯ ಹಂತಕ್ಕೆ ಇಡಬಹುದು.

ಆಕ್ಷೇಪಗಳು

ನನ್ನ ಪಾಠ ನೋಡಿದವರಲ್ಲಿ ಎಲ್ಲರೂ ಇದನ್ನು ಒಪ್ಪಲಿಲ್ಲ. "ಪರೀಕ್ಷೆಯಲ್ಲಿ ಕೋಡನ್ನು ಕಾಗದದ ಮೇಲೆ ಬರೀಬೇಕು, ಶಾರ್ಟ್‌ಕಟ್ ಕೀ ಕೇಳೋದಿಲ್ಲವಲ್ಲಮ್ಮ" ಎಂದರು ಒಬ್ಬರು ಹಿರಿಯ ಶಿಕ್ಷಕರು. ಅವರ ಮಾತಿನಲ್ಲಿ ತೂಕವಿದೆ. ಆದರೆ ಕೀಯನ್ನು ಕಲಿಸುವುದು ನನ್ನ ಉದ್ದೇಶವಲ್ಲ. ಕೀ ಉಳಿಸಿಕೊಟ್ಟ ಸಮಯದಲ್ಲಿ ಮಕ್ಕಳು ಷರತ್ತುಗಳ ಕ್ರಮವನ್ನು ಕಲಿತರು, ಅದು ಕಾಗದದ ಮೇಲೂ ಬೇಕಾಗುತ್ತದೆ. ಪ್ರಯೋಗಶಾಲೆಯಲ್ಲಿ ಬ್ಯುರೆಟ್ ಹಿಡಿಯುವುದನ್ನು ಬರಹದ ಪರೀಕ್ಷೆಯಲ್ಲಿ ಕೇಳುವುದಿಲ್ಲ ಎಂದು ಯಾರೂ ಬ್ಯುರೆಟ್ ಬಿಡುವುದಿಲ್ಲ.

ಇನ್ನೊಂದು ಆಕ್ಷೇಪ, ಈ ಲ್ಯಾಬಿನ ಎಫ್7 ಮುಂದಿನ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವುದಿಲ್ಲ ಎಂಬುದು. ನಿಜ. ಅದಕ್ಕೆ ಮೊದಲ ದಿನ ಮೆನುವಿನಿಂದಲೇ ಮಾಡಿಸಬೇಕು, ಕೀಯನ್ನು ಎರಡನೇ ದಿನ ಕೊಡಬೇಕು. ಘಟಕದ ಕೊನೆಗೆ ಮಕ್ಕಳೇ ಕಾನ್ಫಿಗರ್ ಕಿಟಕಿಗೆ ಹೋಗಿ ತಮಗೆ ಬೇಕಾದ ಕೀ ಹಾಕಿಕೊಳ್ಳಲಿ. ಯಂತ್ರವನ್ನು ನಮ್ಮ ಕೈಗೆ ತಕ್ಕಂತೆ ಬದಲಿಸಬಹುದು ಎಂದು ತಿಳಿದವರು ಹೊಸ ಎಡಿಟರಿನಲ್ಲಿ ಮೊದಲು ಹುಡುಕುವುದೇ ಅದನ್ನು.

ಮೂರನೆಯದು ನಾನೂ ಒಪ್ಪುವ ಆಕ್ಷೇಪ. ಮುಚ್ಚುವುದು ಸುಲಭವಾದರೆ ಕಡತದ ತುಂಬ ಮುಚ್ಚಿದ ಸಾಲುಗಳು ಕಸದಂತೆ ಉಳಿಯುತ್ತವೆ. ಐಡಲ್ ಓಡಿಸುವ ಮೊದಲು ಕಡತವನ್ನು ಸೇವ್ ಮಾಡುವುದರಿಂದ ಅವು ಹಾಗೇ ದಾಖಲಾಗಿಯೂ ಬಿಡುತ್ತವೆ. ಆದ್ದರಿಂದ ಒಂದು ನಿಯಮ ಬೇಕು. ಪಿರಿಯಡ್ ಮುಗಿಯುವ ಮೂರು ನಿಮಿಷ ಮೊದಲು ಪ್ರತಿ ಗುಂಪೂ ## ಹುಡುಕಬೇಕು. ಬೇಕಾದ ಸಾಲನ್ನು ತೆರೆಯಬೇಕು, ಬೇಡವಾದದ್ದನ್ನು ಈಗ ಅಳಿಸಬೇಕು. ರೆಕಾರ್ಡ್ ಪುಸ್ತಕಕ್ಕೆ ಮುಚ್ಚಿದ ಸಾಲು ಹೋಗಬಾರದು. ಎರಡು ಚಿಹ್ನೆ ಇರುವುದರಿಂದ ಹುಡುಕುವುದು ಸುಲಭ. ಅಳಿಸುವುದಕ್ಕೂ ಒಂದು ಕಾಲವಿದೆ, ಅದು ತಿಳಿದ ಮೇಲೆ, ತಿಳಿಯುವ ಮೊದಲಲ್ಲ.

ಡಿಬಗರ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರೂ ಇದ್ದಾರೆ. ಡಿಬಗರ್ ಒಳ್ಳೆಯ ಸಾಧನ, ಐಡಲ್‌ನಲ್ಲೂ ಇದೆ. ಆದರೆ ಅದರ ಕಿಟಕಿಯನ್ನು ಓದಲು ಕಲಿಸುವುದಕ್ಕೇ ಎರಡು ಪಿರಿಯಡ್ ಬೇಕು. ಮುಚ್ಚಿ ನೋಡುವುದಕ್ಕೆ ಐದು ನಿಮಿಷ ಸಾಕು. ಹಂತ ಹಂತವಾಗಿ ಹೋಗೋಣ.

ನಮ್ಮ ಕಾಲೇಜುಗಳು ಮಾಡಬಹುದಾದದ್ದು

ಸೂಕ್ಷ್ಮ ಬೋಧನೆಯನ್ನು 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದಾಗ, ಬೋಧನೆಯನ್ನು ಬಿಡಿ ಕೌಶಲಗಳಾಗಿ ಒಡೆದು ಒಂದೊಂದನ್ನೇ ಅಭ್ಯಾಸ ಮಾಡಬಹುದು ಎಂಬುದು ಅದರ ತಿರುಳಾಗಿತ್ತು. ಇಂದಿಗೂ ನಾವು ಪ್ರಶ್ನಿಸುವ ಕೌಶಲ, ಉದಾಹರಣೆ ಕೊಡುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲಗಳನ್ನು ಸಹಪಾಠಿಗಳ ಎದುರು ಅಭ್ಯಾಸ ಮಾಡುತ್ತೇವೆ. ಅಕ್ಷರ ದುಂಡಾಗಿರಬೇಕು, ಸಾಲು ನೇರವಾಗಿರಬೇಕು, ಹಿಂದಿನ ಬೆಂಚಿಗೂ ಕಾಣಬೇಕು ಎಂದು ತಿದ್ದಿಸಿಕೊಳ್ಳುತ್ತೇವೆ. ಕಂಪ್ಯೂಟರ್ ಪಾಠದಲ್ಲಿ ಹಲಗೆಯ ಜಾಗದಲ್ಲಿ ಎಡಿಟರ್ ಇದೆ. ಅದರ ಅಕ್ಷರದ ಗಾತ್ರ, ಸಾಲಿನ ಸಂಖ್ಯೆ ಕಾಣುವಂತೆ ಮಾಡುವುದು, ಮುಚ್ಚುವ ತೆರೆಯುವ ಕೀ ಇವೆಲ್ಲ ಕೌಶಲಗಳೇ, ಅಭ್ಯಾಸ ಮಾಡಬೇಕಾದವೇ.

ಹಾಗಾಗಿ ಮೂರು ಸಲಹೆಗಳನ್ನು ನಮ್ಮ ಉಪನ್ಯಾಸಕರ ಮುಂದೆ ವಿನಯದಿಂದ ಇಡುತ್ತೇನೆ. ಮೊದಲನೆಯದು, ಎಡಿಟರ್ ಬಳಸುವ ಕೌಶಲವನ್ನು ಸೂಕ್ಷ್ಮ ಬೋಧನೆಯ ಒಂದು ಅಭ್ಯಾಸವಾಗಿ ಸೇರಿಸಿ, ಐದಾರು ನಿಮಿಷದ ಪಾಠ, ಮರುಪಾಠ ಎರಡನ್ನೂ ಮಾಡಿಸಬೇಕು. ಎರಡನೆಯದು, ಕಂಪ್ಯೂಟರ್ ಪಾಠದ ಯೋಜನೆಯಲ್ಲಿ ಬೋಧನೋಪಕರಣದ ಕೆಳಗೆ ಲ್ಯಾಬ್ ಸಿದ್ಧತೆ ಎಂಬ ಸಾಲು ಇರಬೇಕು. ಯಾವ ಎಡಿಟರ್, ಯಾವ ಹೊಂದಾಣಿಕೆ, ಎಷ್ಟು ಯಂತ್ರಗಳಲ್ಲಿ ಪರೀಕ್ಷಿಸಿ ನೋಡಿದೆ ಎಂದು ಅಲ್ಲಿ ಬರೆಯಬೇಕು. ಮೂರನೆಯದು, ವೀಕ್ಷಕರು ಆ ಸಾಲನ್ನು ಓದಿ ಅಂಕ ಕೊಡಬೇಕು. ಅಂಕವಿಲ್ಲದ ಕೆಲಸವನ್ನು ಪ್ರಶಿಕ್ಷಣಾರ್ಥಿ ಎಷ್ಟು ದಿನ ಮಾಡಬಲ್ಲರು ಎಂಬುದು ನಮಗೆಲ್ಲ ಗೊತ್ತಿರುವ ವಿಷಯ.

ಸಹಪಾಠಿಗಳಿಗೆ ಒಂದು ಮಾತು. ಈ ಸಲಹೆಗಳು ಒಪ್ಪಿಗೆಯಾಗುವವರೆಗೆ ಕಾಯಬೇಕಿಲ್ಲ. ಮುಂದಿನ ವಾರ ನಿಮಗೆ ಕಂಪ್ಯೂಟರ್ ಪಿರಿಯಡ್ ಸಿಕ್ಕರೆ ಅರ್ಧ ಗಂಟೆ ಮುಂಚೆ ಹೋಗಿ ಎರಡು ಕೀ ಹೊಂದಿಸಿ, ಎರಡು ಕಡತ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಪಾಠ ಶುರುವಾಗುವ ಮೊದಲು ಹಲಗೆಯ ಮೂಲೆಯಲ್ಲಿ ಮುಚ್ಚು ಎಫ್7, ಓಡಿಸು ಎಫ್5, ತೆರೆ ಎಫ್8 ಎಂದು ಬರೆದಿಡಿ. ಪಾಠ ಮುಗಿದ ಮೇಲೆ ಮಕ್ಕಳ ಪುಸ್ತಕದಲ್ಲಿ ಊಹೆ ಮತ್ತು ಫಲಿತಾಂಶದ ಎಷ್ಟು ಜೋಡಿಗಳಿವೆ ಎಂದು ಎಣಿಸಿ ನೋಡಿ. ಒಂದು ಪಿರಿಯಡಿನಲ್ಲಿ ಮಗು ಎಷ್ಟು ಪ್ರಯೋಗ ಮಾಡಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ.